ಜೋಡಿ ಕರಡಿಗೆ

ಅಲ್ಲಿ ಬಾಗಿಲಿರುವುದಿಲ್ಲ ಎಂಬುದು ತ್ರಿವೇಣಿಗೆ ಹೊಳೆದದ್ದು ಕಾರು ಮೊಳಕಾಲ್ಮೂರು ದಾಟಿ ಬೆಟ್ಟದ ಕಡೆಯ ಮಣ್ಣುರಸ್ತೆಗೆ ಇಳಿದ ಮೇಲೆ. ಚಳ್ಳಕೆರೆಯಿಂದ ಅಲ್ಲಿಯವರೆಗೆ ಅವಳು ಏನನ್ನೂ ಯೋಚಿಸಿರಲಿಲ್ಲ. ಹೊರಡು ಅಂದಿದ್ದರು, ಹೊರಟಿದ್ದಳು. ಮುಂದೆ ಮಾವ ಮರುಳಪ್ಪ, ಸ್ಟೀರಿಂಗ್ ಹಿಡಿದು ಭಾವ ಮಹಾಂತೇಶ್, ಹಿಂದೆ ಅತ್ತೆ ತಿಪ್ಪೇರುದ್ರಮ್ಮ, ವಾರಗಿತ್ತಿ ನಿರ್ಮಲಾ, ಅವಳ ತೊಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮಗಳು ಚಿನ್ನಿ. ಡಿಕ್ಕಿಯಲ್ಲಿ ಭಾವ ಆನ್‌ಲೈನಿನಲ್ಲಿ ತರಿಸಿದ ಹಸಿರು ಟೆಂಟು, ಗ್ಯಾಸಿನ ಸಣ್ಣ ಒಲೆ, ಮಂಡಕ್ಕಿ ಚೀಲ. ಬೆಟ್ಟಗಳ ಸಂದಿಯಲ್ಲೊಂದು ಕೆರೆಯಿದೆ, ಒಂದು ರಾತ್ರಿ ಅದರ ದಂಡೆಯಲ್ಲಿ ಇದ್ದು ಬರೋಣ, ತ್ರಿವೇಣಿಯ ಮನಸ್ಸೂ ಹಗುರಾಗುತ್ತದೆ ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಮೊದಲು ಹೇಳಿದವರು ಯಾರೋ ಅವಳಿಗೆ ನೆನಪಿರಲಿಲ್ಲ. ಕಿಟಕಿಯಾಚೆ ಬಂಡೆಯ ಮೇಲೆ ಬಂಡೆ ಕೂತ ಬೆಟ್ಟಗಳು ನಿಧಾನವಾಗಿ ಮಗ್ಗುಲು ಬದಲಿಸುತ್ತಿದ್ದವು. ಆಗ ಅತ್ತೆ, "ನಾಳೆ ಬೆಳಿಗ್ಗೆ ಕೆರ್ಯಾಗೆ ಮುಳುಗಿ ಎದ್ದು, ದಂಡೆ ಮ್ಯಾಲೆ ಎಲ್ಲಾರೂ ಒಟ್ಟಿಗೆ ಕೂತು ಪೂಜೆ ಮಾಡಾಣ. ಒಬ್ಬೊಬ್ರು ಒಂದೊಂದು ಮೂಲ್ಯಾಗೆ ಮಾಡಿ ಮಾಡಿ ಸಾಕಾಗೈತೆ," ಅಂದರು. ಅವಳ ಕೈ ದುಪಟ್ಟಾದ ಒಳಗೆ ಹೋಗಿ ಬೆಳ್ಳಿಯ ಕರಡಿಗೆಯನ್ನು ಮುಚ್ಚಿಕೊಂಡಿತು.

ಆ ಕರಡಿಗೆಯಲ್ಲಿರುವುದು ಅವಳ ಲಿಂಗವಲ್ಲ. ಅವಳ ಗಂಡ ಲೋಹಿತನದು. ಅವಳದು ಪರಶುರಾಂಪುರದ ಕಡೆಯ ಹೊಲದಲ್ಲಿ, ಮಣ್ಣಿನ ಕೆಳಗೆ, ಲೋಹಿತನ ಎಡ ಅಂಗೈಯಲ್ಲಿದೆ. ಮದುವೆಯಲ್ಲಿ ಅತ್ತೆ ಮಗನಿಗೂ ಸೊಸೆಗೂ ಒಂದೇ ಅಕ್ಕಸಾಲಿಗರ ಹತ್ತಿರ, ಒಂದೇ ಅಚ್ಚಿನಲ್ಲಿ ಎರಡು ಕರಡಿಗೆ ಮಾಡಿಸಿ, ಜೋಡಿ ಕರಡಿಗೆ ನೋಡ್ರಿ ಎಂದು ಬಂದವರಿಗೆಲ್ಲ ತೋರಿಸಿದ್ದರು. ಶಿವದಾರದ ಬಣ್ಣ ಕೂಡ ಒಂದೇ. ದಾವಣಗೆರೆಯ ಆಸ್ಪತ್ರೆಯಲ್ಲಿ, ಪೇಷೆಂಟ್ ಮೈಮೇಲೆ ಏನೂ ಇರಬಾರದು ಎಂದು ನರ್ಸು ಲೋಹಿತನ ಕೊರಳಿಂದ ಅದನ್ನು ಬಿಚ್ಚಿ ಇವಳ ಕೈಗೆ ಕೊಟ್ಟಾಗ, ಕಂಡ ಕಂಡಲ್ಲಿ ಇಡುವ ವಸ್ತುವಲ್ಲವಲ್ಲ ಎಂದು ತನ್ನ ಕೊರಳಿಗೇ ಹಾಕಿಕೊಂಡಳು. ಕಾರಿಡಾರಿನಲ್ಲಿ ನಡೆದಾಗಲೆಲ್ಲ ಎರಡು ಬೆಳ್ಳಿ ಒಂದಕ್ಕೊಂದು ತಾಗುತ್ತಿದ್ದವು. ಆಮೇಲೆ ಹೊಲ. ಗುಂಡಿಯೊಳಗೆ ಮಾಡಿದ ಗೂಡಿನಲ್ಲಿ ಅವನನ್ನು ಕೂರಿಸಿ, ಮೈತುಂಬ ವಿಭೂತಿ ಬಳಿದು, ಅಯ್ಯನವರು ಕೆಳಗಿನಿಂದ ಕೈ ಚಾಚಿ "ಲಿಂಗ ಕೊಡವ್ವ" ಅಂದರು. ಅವಳು ಕೊರಳಿಂದ ಒಂದನ್ನು ತೆಗೆದು ಕೊಟ್ಟಳು. ಕ್ರಿಯಾಕರ್ಮಗಳೆಲ್ಲ ಮುಗಿದ ಎಷ್ಟೋ ದಿನದ ಮೇಲೆ, ಸ್ನಾನ ಮಾಡಿ ಕೂತು ಕರಡಿಗೆ ಬಿಚ್ಚಿದಾಗ ಅಂಗೈಗೆ ಬಂದ ಲಿಂಗ ತುಸು ದೊಡ್ಡದಾಗಿತ್ತು. ಅದಕ್ಕೆ ಮೆತ್ತಿದ ಕರಿಯ ಕಂತಿಯ ನೆತ್ತಿಯಲ್ಲಿ ಎಳ್ಳಿನಷ್ಟು ಚಕ್ಕೆ ಎದ್ದಿತ್ತು. ಹುಡುಗನಾಗಿದ್ದಾಗ ಲೋಹಿತ ಶಿವದಾರ ಹಿಡಿದು ಕವಣೆಯಂತೆ ತಿರುಗಿಸಿ ಬಾವಿಕಟ್ಟೆಗೆ ಬಡಿದಿದ್ದನಂತೆ. ಮದುವೆಯಾದ ಹೊಸದರಲ್ಲಿ ನಗುತ್ತ ತೋರಿಸಿದ್ದ, "ನೋಡು, ನನ್ನ ದೇವ್ರಿಗೂ ತಲೆ ಒಡೆದೈತೆ."

ಕೈ ತಪ್ಪಿತೋ ಅಥವಾ ಕೈಗೆ ಗೊತ್ತಿತ್ತೋ ಎಂಬುದನ್ನು ಅವಳು ಇವತ್ತಿಗೂ ತೀರ್ಮಾನಿಸಲಾರಳು. ತಪ್ಪಿತು ಎಂದುಕೊಂಡ ದಿನ, ಗಂಡನ ಪ್ರಾಣವನ್ನೇ ಕೊರಳಲ್ಲಿಟ್ಟುಕೊಂಡು ಅವನನ್ನು ಬರಿಗೈಯಲ್ಲಿ ಕಳಿಸಿದೆನಲ್ಲ ಎನಿಸುತ್ತದೆ. ಗೊತ್ತಿತ್ತು ಎಂದುಕೊಂಡ ದಿನ ಮಾತ್ರ ಸ್ವಲ್ಪ ಹಸಿವಾಗುತ್ತದೆ. ಯಾರಿಗಾದರೂ ತಿಳಿದರೆ ಆಗುವುದೇನೆಂದು ಮಾತ್ರ ಅವಳಿಗೆ ಸಂಶಯವಿಲ್ಲ. ಗುರುಗಳು ಅವಳಿಗೆ ಹೊಸ ಲಿಂಗ ಕಟ್ಟುತ್ತಾರೆ. ಒಡೆಯನಿಲ್ಲದ, ಚಕ್ಕೆಯೆದ್ದ ಇದನ್ನು ನೀರಿಗೆ ಬಿಡುತ್ತಾರೆ. ಆಮೇಲೆ ಲೋಹಿತನದೆನ್ನುವ, ತೂಕವಿರುವ ಯಾವುದೂ ಅವಳ ಬಳಿ ಉಳಿಯುವುದಿಲ್ಲ. ಅದಕ್ಕೇ ದಿನಾ ಕೋಣೆಯ ಅಗಳಿ ಹಾಕಿಕೊಂಡು ಪೂಜೆಗೆ ಕೂರುತ್ತಾಳೆ. ಮಂತ್ರ ಹೇಳುವುದಿಲ್ಲ, ಹೂವಿಡುವುದಿಲ್ಲ, ಅಂಗೈ ಬಿಸಿಯಾಗುವವರೆಗೆ ಸುಮ್ಮನೆ ನೋಡುತ್ತಾಳೆ. ಒಳಗೆ ಅಳುತ್ತಿರಬೇಕು ಎಂದುಕೊಂಡು ಮನೆಯವರು ಬಾಗಿಲು ತಟ್ಟುವುದಿಲ್ಲ. ಬೇರೆ ಯಾರು ನೋಡಿದರೂ ಕರಿಯ ಲಿಂಗ ಕರಿಯ ಲಿಂಗವೇ. ಅತ್ತೆಗೆ ಹಾಗಲ್ಲ. ಲೋಹಿತ ಹೊಟ್ಟೆಯಲ್ಲಿದ್ದಾಗಲೇ ಅದನ್ನು ಅವನ ಹೆಸರಿನಲ್ಲಿ ಅವರ ಕೊರಳಿಗೆ ಕಟ್ಟಿದ್ದರು. ಅವನು ತಾನೇ ಪೂಜೆ ಮಾಡಿಕೊಳ್ಳುವಷ್ಟು ದೊಡ್ಡವನಾಗುವವರೆಗೆ ತಮ್ಮದರ ಜೊತೆ ಅದನ್ನೂ ಅಂಗೈಯಲ್ಲಿಟ್ಟು ನೀರೆರೆದವರು ಅವರು. ಕಣ್ಣು ಕಟ್ಟಿ ಕೈಗೆ ಕೊಟ್ಟರೂ ಗುರುತಿಸುತ್ತಾರೆ.

ಕೆರೆ ಸಣ್ಣದು. ಮೂರು ಕಡೆ ಬೆಟ್ಟ, ಒಂದು ಕಡೆ ಹಳೆಯ ಕಲ್ಲಿನ ಏರಿ. ನೀರು ಅಲುಗದೆ, ಯಾರೋ ಬಿಟ್ಟುಹೋದ ತಟ್ಟೆಯ ಹಾಗೆ ಬಿದ್ದಿತ್ತು. ಬಚ್ಚಿಟ್ಟುಕೊಳ್ಳುವಂಥ ಮರ ಒಂದೂ ಇಲ್ಲ, ಜಾಲಿ ಪೊದೆಗಳು, ಬಂಡೆಗಳು. ಬಂಡೆಗಳನ್ನು ಅವಳು ಒಂದೊಂದಾಗಿ ನೋಡಿಟ್ಟುಕೊಂಡಳು. ಭಾವ ಟೆಂಟು ಬಿಚ್ಚಿ ಹರವಿದರು.

"ಕುರಿ ಕಾಯೋರು ಕಂಬಳಿ ಹೊದ್ದು ಈ ಕಲ್ಲ ಮ್ಯಾಲೇ ಮಲಗ್ತಾರೆ. ನಾವು ರೊಕ್ಕ ಕೊಟ್ಟು ಚೀಲದಾಗೆ ಮಲಗಾಕೆ ಬಂದೀವಿ ನೋಡ್ಲೇ," ಅಂದರು ಮಾವ.

"ಚೀಲ ಅಲ್ಲ ಅಪ್ಪಾಜಿ, ಟೆಂಟು. ಆರು ಜನ ಆರಾಮಾಗಿ ಮಲಗಬಹುದು ಅಂತ ಬರ್ದೈತೆ."

"ಆರು ಜನ ಅಂದ್ರೆ ಚಿನ್ನಿಯಂಥೋರು ಆರು ಜನ," ಅಂದಳು ನಿರ್ಮಲಾ. "ನಿಮ್ಮ ಕಾಲೇ ಹೊರಗಿರ್ತಾವೆ."

"ಹೊರಗಿರ್ಲಿ ಬಿಡೇ, ನರಿ ಬಂದ್ರೆ ಮೊದ್ಲು ನಂಗೇ ಗೊತ್ತಾಗ್ತೈತೆ. ತ್ರಿವೇಣಿ, ಈ ಕೋಲು ಹಿಡಿ. ಹಂಗೇ ಮ್ಯಾಕೆ ಎತ್ತು."

ಅವಳು ಎತ್ತಿದಳು. ಎರಡೂ ಕೈ ತಲೆಯ ಮೇಲೆ ಹೋದಾಗ ದುಪಟ್ಟಾ ಜಾರಿ ಕರಡಿಗೆ ಹೊರಗೆ ಬಂದು ಎದೆಯ ಮೇಲೆ ತೂಗಿತು. ಅತ್ತೆ ಅಲ್ಲೇ ಎದುರಿಗೆ ಈರುಳ್ಳಿ ಬಿಡಿಸುತ್ತ ಕೂತಿದ್ದರು. ಅವಳು ಕೋಲು ಬಿಟ್ಟು ಎದೆ ಮುಚ್ಚಿಕೊಂಡಳು. ಹಸಿರು ಬಟ್ಟೆಯೆಲ್ಲ ಭಾವನ ತಲೆಯ ಮೇಲೆ ಕುಸಿದು, ಚಿನ್ನಿ ಕೇಕೆ ಹಾಕಿ ನಕ್ಕು, ಒಳಗಿನಿಂದ ಭಾವ ಏನೋ ಬೈಯಲು ಹೋಗಿ ನಿಲ್ಲಿಸಿದರು. ನಿಲ್ಲಿಸಿದ್ದು ಎಲ್ಲರಿಗೂ ಕೇಳಿಸಿತು. "ಬಿಡು ಬಿಡು, ಅವ್ಳು ಕೂತ್ಕಳ್ಲಿ," ಅಂದರು ಮಾವ. ಅವಳು ಏನು ಬೀಳಿಸಿದರೂ, ಹಾಲು ಉಕ್ಕಿಸಿದರೂ, ಈಗ ಇದೇ ಮಾತು. ಬೈಸಿಕೊಂಡು ಎಷ್ಟು ಕಾಲವಾಯಿತು ಎಂದುಕೊಳ್ಳುತ್ತ ಅವಳು ಹೋಗಿ ಕೂತಳು.

ಬಿಸಿಲು ಇಳಿಯುವಾಗ ಕುರಿಗಳಿಗೆ ನೀರು ಕುಡಿಸಲು ಒಬ್ಬ ಹೆಂಗಸು ಬಂದಳು. ಹೆಸರು ಕೇಳಿದ್ದಕ್ಕೆ ಯರ್ರಮ್ಮ ಎಂದಳು. ಟೆಂಟನ್ನು ಒಂದು ಸುತ್ತು ಹಾಕಿ, ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು.

"ಇಲ್ಲೇ ಮಲಗ್ತೀರೇನಮ್ಮಾ? ದೋಮಲು ಎತ್ಕೊಂಡು ಹೋಗ್ತಾವೆ ನೋಡ್ರಿ."

"ದೋಮಲು ಅಂದ್ರೆ?" ಅಂದಳು ಚಿನ್ನಿ.

"ಸೊಳ್ಳೆ ಕಣ್ ಪಾಪ. ನಮ್ಮ ಕಡೆ ಹಂಗಂತೀವಿ." ಅವಳು ಎಲ್ಲರನ್ನೂ ಕಣ್ಣಲ್ಲೇ ಜೋಡಿಸಿ ನೋಡಿದಳು. ಮಾವನಿಗೆ ಅತ್ತೆ, ಭಾವನಿಗೆ ನಿರ್ಮಲಾ. ಕಣ್ಣು ತ್ರಿವೇಣಿಯ ಹತ್ತಿರ ಬಂದು ನಿಂತಿತು. "ಈಯಮ್ಮನ ಯಜಮಾನ್ರು ಬಂದಿಲ್ವೇನು?"

ನಿರ್ಮಲಾಳ ಕೈಯಲ್ಲಿ ಚಾಕು ನಿಂತಿತು. ಮಾವ ಗಂಟಲು ಸರಿಮಾಡಿಕೊಂಡು ನೀರಿನ ಕಡೆ ಹೊರಟರು. ಅತ್ತೆ ತಲೆಯೆತ್ತದೆ, ಈರುಳ್ಳಿಯ ಸಿಪ್ಪೆ ಊದುತ್ತ, "ಬರ್ತಾನೆ. ಮಿಲ್ಲಿನಾಗೆ ಈಗ ಕಡ್ಲೇಕಾಯಿ ಸೀಜನ್ನು, ಬಿಡುವಿಲ್ಲ," ಅಂದರು.

"ಅಂಗಂದ್ರೆ ಸರಿ. ಪಾಪ, ಒಬ್ಳೇ ಕೂತಾಳಲ್ಲ ಅಂತ ಕೇಳ್ದೆ," ಎಂದು ಯರ್ರಮ್ಮ ಕುರಿ ಹೊಡೆದುಕೊಂಡು ಏರಿ ಹತ್ತಿದಳು. ತ್ರಿವೇಣಿ ಅವಮಾನಕ್ಕಾಗಿ ಕಾದಳು. ಬರಲಿಲ್ಲ. ಅತ್ತೆ ಸುಳ್ಳು ಹೇಳಿದ ಹಾಗೆಯೂ ಅನ್ನಿಸಲಿಲ್ಲ. ಯಾರಾದರೂ ಕೇಳಿದರೆ ತಾನೂ ಹಾಗೆಯೇ ಹೇಳುತ್ತಿದ್ದೆನೇನೋ, ಇಲ್ಲೇ ಇದ್ದಾನೆ, ಬಿಡುವಿಲ್ಲ. ಮುಖವೆತ್ತಿ ನೋಡಿದರೆ ಅತ್ತೆ ಅವಳ ಮುಖ ನೋಡುತ್ತಿರಲಿಲ್ಲ. ಅದಕ್ಕಿಂತ ಸ್ವಲ್ಪ ಕೆಳಗೆ, ದುಪಟ್ಟಾದ ಮಡಿಕೆಯನ್ನು ನೋಡುತ್ತಿದ್ದರು.

ಬೆಟ್ಟದ ನೆರಳು ನೀರನ್ನು ಪೂರ್ತಿ ಮುಚ್ಚಿದ ಕೂಡಲೇ ಸೊಳ್ಳೆಗಳು ಎದ್ದವು. ಒಂದೆರಡಲ್ಲ, ಜಾಲಿ ಪೊದೆಗಳೇ ಹಾಡಲು ಶುರುಮಾಡಿದ ಹಾಗೆ. ಚಿನ್ನಿ ತೊಡೆಗೆ ಹೊಡೆದುಕೊಂಡು, "ಅಮ್ಮಾ, ರಕ್ತ!" ಎಂದು ಅಂಗೈ ತೋರಿಸಿದಳು. ಆಗ ಎಲ್ಲರಿಗೂ ಒಟ್ಟಿಗೇ ನೆನಪಾಯಿತು. ಆ ಮನೆಯಲ್ಲಿ ಈಗ ಜ್ವರ ಎಂಬ ಮಾತು ಯಾರೂ ಆಡುವುದಿಲ್ಲ, ಮೈ ಬೆಚ್ಚಗೈತೆ ಎನ್ನುತ್ತಾರೆ. ನಿರ್ಮಲಾ ಮಗಳ ಕೈಕಾಲು ಕೆನ್ನೆಗಳಿಗೆಲ್ಲ ಮುಲಾಮು ಉಜ್ಜತೊಡಗಿ, ಮಗು ಉರಿ ಎಂದು ಅತ್ತರೂ ಬಿಡಲಿಲ್ಲ.

"ನೀರು ನಿಂತ ಜಾಗ ಅನ್ನೋದು ನನ್ನ ತಲೆಗೇ ಹೋಗ್ಲಿಲ್ಲ ಅಪ್ಪಾಜಿ," ಅಂದರು ಭಾವ.

"ಹೋಗ್ಲಿಲ್ಲ? ಯಾರ ತಲೆಗೆ ಹೋಗ್ದಿದ್ರೂ ನಮ್ಮನೆಯೋರ ತಲೆಗೆ..." ಮಾವ ಎದ್ದುಬಿಟ್ಟರು. ಬೇವಿನ ಸೊಪ್ಪು ಹುಡುಕಿಕೊಂಡು ಹೋಗಿ, ಸಿಗದೆ, ಯಾವುದೋ ಹಸಿ ಸೊಪ್ಪಿಗೆ ಬೆಂಕಿಯಿಟ್ಟರು. ಹೊಗೆ ಸೊಳ್ಳೆಗಳ ಕಡೆ ಹೋಗದೆ ಮನುಷ್ಯರ ಕಡೆಗೇ ಬಂತು.

ತ್ರಿವೇಣಿಗೆ ಒಂದು ವಿಷಯ ಗೊತ್ತಿತ್ತು. ಅವಳು ಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಲೋಹಿತನನ್ನು ಕೊಂದ ಸೊಳ್ಳೆ ಹಗಲು ಕಚ್ಚುವಂಥದು, ಮನೆಯ ತಿಳಿನೀರಿನಲ್ಲಿ ಹುಟ್ಟುವಂಥದು. ಕತ್ತಲಾಗುವಾಗ ಕೆರೆಯಿಂದ ಏಳುವ ಇವು ಬೇರೆಯ ಜಾತಿ. ಒಂದು ಮಾತು ಹೇಳಿದ್ದರೆ ಎಲ್ಲರ ಜೀವ ಜಾಗಕ್ಕೆ ಬರುತ್ತಿತ್ತು. ಹೇಳಲಿಲ್ಲ. ಹೆದರಲಿ, ಹೆದರಿ ಊರಿಗೆ ಹೊರಡಲಿ, ರಾತ್ರಿ ಊಟದ ಹೊತ್ತಿಗೆ ನನ್ನ ಕೋಣೆ, ನನ್ನ ಅಗಳಿ. ಮಹಡಿಯ ಮೇಲಿನ ನೀಲಿ ಡ್ರಮ್ಮಿನಲ್ಲಿ ಸೊಳ್ಳೆಯ ಹುಳು ಕುಣಿಯುವುದನ್ನು, ಲೋಹಿತ ಹಾಸಿಗೆ ಹಿಡಿಯುವ ಮುಂಚೆ, ಮೊದಲು ನೋಡಿದವಳೂ ಅವಳೇ. ಬಟ್ಟೆ ಒಣಹಾಕಲು ಹೋದವಳು ಬಗ್ಗಿ ನೋಡಿ, ಲೋಹಿತನನ್ನು ಕೂಗಿ ಕರೆದು, ಇವು ತಲೆಕೆಳಗಾಗಿ ನೇತಾಡಿಕೊಂಡು ಬಾಲದಲ್ಲಿ ಉಸಿರಾಡುತ್ತವೆ ಗೊತ್ತಾ ಎಂದು ಪಾಠ ಹೇಳಿದ್ದಳು. ಅವನು ಡ್ರಮ್ಮಿನ ಅಂಚಿಗೆ ಗದ್ದವೂರಿ, "ನಂಗೂ ಹಂಗೆ ಬಂದಿದ್ರೆ ಚೆನ್ನಾಗಿತ್ತು, ಮಿಲ್ಲಿನ ಧೂಳು ಮೂಗಿಗೆ ಹೋಗ್ತಿರ್ಲಿಲ್ಲ," ಎಂದು ನಕ್ಕಿದ್ದ. ನಾಳೆ ಚೆಲ್ಲೋಣ ಎಂದಿದ್ದು ಅವಳು. ಇದನ್ನೂ ಯಾರಿಗೂ ಹೇಳಿಲ್ಲ. ಈಗ ಅವಳ ಮುಂಗೈ ಮೇಲೆ ಸೊಳ್ಳೆಗಳು ಕೂತು ಕೂತು ಏಳುತ್ತಿದ್ದವು. ಹೊಡೆಯಲಿಲ್ಲ.

"ಚಿಕ್ಕಮ್ಮ, ನಿಂಗೆ ಕಚ್ಚಲ್ವಾ?" ಅಂದಳು ಚಿನ್ನಿ.

"ಕಚ್ತಾವೆ ಪುಟ್ಟ."

"ಮತ್ತೆ ಹೊಡಿ."

ಭಾವ ಟೆಂಟಿನ ಕಂಬ ಕೀಳಲು ಎದ್ದೇಬಿಟ್ಟರು. "ಹೊರಡಾಣ ನಡ್ರಿ ಅಪ್ಪಾಜಿ. ಯಾವ ಸುಖಕ್ಕೆ ಇದು? ದಾರ್‍ಯಾಗೆ ಮೊಳಕಾಲ್ಮೂರಿನ ಹೋಟ್ಲಿನಾಗೆ ಉಂಡು ಹೋದ್ರಾತು." ಮಾವನೂ ಚಾಪೆ ಸುತ್ತತೊಡಗಿದರು. ತ್ರಿವೇಣಿ ಎಲ್ಲರಿಗಿಂತ ಮೊದಲು ಚಪ್ಪಲಿ ಹಾಕಿಕೊಂಡು, ಪಾತ್ರೆ ಬುಟ್ಟಿ ಎತ್ತಿಕೊಂಡಳು. ಅಷ್ಟು ಚುರುಕಾಗಿ ಅವಳು ಓಡಾಡಿದ್ದನ್ನು ಅವರು ಬಹಳ ದಿನದಿಂದ ಕಂಡಿರಲಿಲ್ಲ.

"ಯಾರೂ ಎಲ್ಲಿಗೂ ಹೋಗಾದು ಬ್ಯಾಡ," ಅಂದರು ಅತ್ತೆ. ಕೂತಲ್ಲಿಂದ ಎದ್ದಿರಲೇ ಇಲ್ಲ. "ಬೆಳಿಗ್ಗೆ ಪೂಜೆ ಇಲ್ಲೇ. ಮುಲಾಮು ಹಚ್ಕಳ್ರಿ, ಆ ಜಾಲರಿ ಎಳ್ಕಂಡು ಒಳಗೆ ಕೂತ್ಕಳ್ರಿ. ತ್ರಿವೇಣಿ, ಬುಟ್ಟಿ ಇಳ್ಸು."

ಆಗ ಅವಳಿಗೆ ನೆನಪಾಯಿತು, ಕೆರೆಗೆ ಹೋಗೋಣ ಎಂದು ಮೊದಲು ಹೇಳಿದವರು ಅತ್ತೆ.

ಬೆಳಗಾದಾಗ ಎಲ್ಲರ ಮುಖವೂ ಊದಿತ್ತು. ಭಾವನ ಒಂದು ಕಣ್ಣು ಅರ್ಧ ಮುಚ್ಚಿಕೊಂಡಿದ್ದನ್ನು ನೋಡಿ ನಿರ್ಮಲಾ, "ಈಗ ನೋಡಾಕೆ ಪರವಾಗಿಲ್ಲ," ಅಂದಳು. ಮಾವನೂ ನಕ್ಕರು. ಬೆಳಕಿನಲ್ಲಿ ನಿನ್ನೆಯ ಭಯ ಸಣ್ಣದಾಗಿ ಕಾಣುತ್ತಿತ್ತು. ಗಂಡಸರು ಏರಿಯ ಕಡೆ ಇಳಿದರು, ಹೆಂಗಸರು ಬಂಡೆಯ ಮರೆಯಲ್ಲಿ. ನೀರು ಕಾಲು ಕೊರೆಯುವಷ್ಟು ತಣ್ಣಗಿತ್ತು. ತ್ರಿವೇಣಿ ಮುಳುಗುವಾಗ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮುಳುಗಿದಳು. ಕೆರೆ ತೆಗೆದುಕೊಂಡುಬಿಡುತ್ತದೆ ಎಂಬ ಹೆದರಿಕೆ. ಒಗೆದ ಬಟ್ಟೆಯುಟ್ಟು ಬಂದಾಗ ಮಾವ ಆಗಲೇ ವಿಭೂತಿ ಹಚ್ಚಿಕೊಂಡು ದಂಡೆಯ ಈ ತುದಿಯಲ್ಲಿ ಕಣ್ಣು ಮುಚ್ಚಿದ್ದರು, ಪಕ್ಕದಲ್ಲಿ ಭಾವ. ನಿರ್ಮಲಾ ತನ್ನದನ್ನು ಬೇಗ ಮುಗಿಸಿ ಒಲೆಯ ಹತ್ತಿರ ಹೋದಳು. ತ್ರಿವೇಣಿ ನಿನ್ನೆ ನೋಡಿಟ್ಟ ದೊಡ್ಡ ಬಂಡೆಯ ಹಿಂದಕ್ಕೆ ಹೋಗಿ, ನೀರಿನ ಕಡೆ ಮುಖ ಮಾಡಿ ಕೂತಳು. ಕರಡಿಗೆ ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಬಲಗೈಯನ್ನು ಚಾವಣಿಯ ಹಾಗೆ ಮೇಲೆ ಹಿಡಿದಳು. ಹೆಜ್ಜೆಯ ಸದ್ದೇ ಕೇಳಲಿಲ್ಲ. ಒದ್ದೆ ಸೆರಗಿನ ತಣ್ಣನೆ ಗಾಳಿ ಭುಜಕ್ಕೆ ತಾಗಿತು. ಅತ್ತೆ ಅವಳ ಪಕ್ಕದಲ್ಲಿ ಮೊಣಕಾಲು ಮಡಚಿ, ನಿಟ್ಟುಸಿರು ಬಿಟ್ಟು ಕೂತರು.

"ಕೈ ತೆಗಿ."

"ಅತ್ತೆ..."

"ನಿಂಗೆ ಬಯ್ಯಾಕೆ ಬಂದಿಲ್ಲ. ಕೈ ತೆಗಿ."

ಅವಳು ಬಲಗೈ ತೆಗೆದಳು. ಅತ್ತೆ ನೋಡಲಿಲ್ಲ. ಕಣ್ಣು ಮುಚ್ಚಿ ತಮ್ಮ ಎಡ ಅಂಗೈಯನ್ನು ಒಡ್ಡಿದರು. ಆ ಅಂಗೈ ಒಡ್ಡಿದ ರೀತಿಗೆ ಇಲ್ಲ ಎನ್ನುವುದು ಸಾಧ್ಯವಿರಲಿಲ್ಲ, ಹಾಲು ಕೇಳುವ ಮಗು ಬಾಯಿ ತೆರೆದ ಹಾಗಿತ್ತು. ತ್ರಿವೇಣಿ ಅದನ್ನು ಅಲ್ಲಿ ಇಟ್ಟಳು. ಅತ್ತೆಯ ಕೈ ಒಂದು ಸಲ ಕೆಳಗಿಳಿದು ಮೇಲೆದ್ದಿತು. ಹೆಬ್ಬೆರಳು ತಡವರಿಸದೆ ಚಕ್ಕೆಯೆದ್ದ ಜಾಗಕ್ಕೆ ಹೋಗಿ ಅಲ್ಲಿ ನಿಂತಿತು.

"ಅವತ್ತು ಬಾಸುಂಡೆ ಬರಂಗೆ ಹೊಡ್ದಿದ್ದೆ," ಅಂದರು.

ಬಂಡೆಯಾಚೆ ಮಾವನ ಮಂತ್ರ ಏರುತ್ತ ಇಳಿಯುತ್ತ ಇತ್ತು.

"ಮಣ್ಣಾಗೆ ಇಡೋವಾಗ್ಲೇ ನೋಡ್ದೆ. ಅಯ್ಯನವರ ಕೈಯಾಗಿದ್ದದ್ದು ಸಣ್ಣದು. ಇದು ನನ್ನ ಮಗಂದಲ್ಲ ಅನ್ನಾಕೆ ಬಾಯಿ ತಗದೆ."

"ಅಂದಿದ್ರೆ..."

"ಅಂದಿದ್ರೆ ಇದನ್ನೂ ಅಲ್ಲೇ ಮುಚ್ಚಿಬಿಡ್ತಿದ್ರು. ಅದಕ್ಕೆ ಸುಮ್ಕಾದೆ. ಎಂಥಾ ತಾಯಿ ನೋಡು ನಾನು. ಮಗನ ಕೈಗೆ ಬ್ಯಾರೇರ ಲಿಂಗ ಕೊಟ್ಟು ಕಳ್ಸಿದೆ." ಬ್ಯಾರೇರ ಎನ್ನುವ ಮಾತು ತ್ರಿವೇಣಿಯ ಒಳಗೆ ಎಲ್ಲಿಯೂ ನಿಲ್ಲದೆ ಕೆಳಗೆ ಹೋಯಿತು. "ಇವತ್ತು ಕೊಡ್ತಾಳೆ, ನಾಳೆ ಕೊಡ್ತಾಳೆ ಅಂತ ಕಾದೆ. ನೀನು ಅಗಳಿ ಹಾಕ್ಕಂಡೆ. ಎಷ್ಟು ಸಲ ಆ ಬಾಗ್ಲ ಹೊರಗೆ ಕೂತಿದ್ದೀನಿ ಗೊತ್ತೈತಾ ನಿಂಗೆ?"

ಅವಳಿಗೆ ಗೊತ್ತಿರಲಿಲ್ಲ. ಒಳಗೆ ತಾನು, ಹೊರಗೆ ಹೊಸಿಲಿಗೆ ಒರಗಿ ಇವರು. ನಡುವೆ ಆ ಮರದ ಹಲಗೆ, ಎರಡೂ ಕಡೆ ಒಂದೇ ಉಸಿರು.

ಅತ್ತೆ ಗಿಂಡಿಯಿಂದ ನೀರು ಬಿಟ್ಟರು. ಸೆರಗಿನ ತುದಿಯಿಂದ ಒರೆಸಿದರು, ಮಗುವಿನ ಕಿವಿ ಒರೆಸುವ ಹಾಗೆ, ಬೆರಳನ್ನು ತಿರುಗಿಸಿ ತಿರುಗಿಸಿ. ಬಾಯಲ್ಲಿ ಏನೋ ಹೇಳುತ್ತಿದ್ದರು, ಮಂತ್ರವಲ್ಲ. ಆಮೇಲೆ ಅವಳ ಮಡಿಲಿನಿಂದ ಕರಡಿಗೆ ತೆಗೆದುಕೊಂಡು ಅದರೊಳಗಿಟ್ಟು, ಮುಚ್ಚಿ, ಶಿವದಾರವನ್ನು ತಮ್ಮ ಕೊರಳಿಗೆ ಹಾಕಿಕೊಂಡರು. ತ್ರಿವೇಣಿಯ ಕೈ ಮುಂದೆ ಹೋಗಬೇಕಿತ್ತು. ಅದು ತೊಡೆಯ ಮೇಲೇ ಇತ್ತು. ಇಷ್ಟು ಕಾಲ ನೀರಿಗೆ ಹೆದರಿದೆ, ಗುರುಗಳಿಗೆ ಹೆದರಿದೆ, ಈ ಅಂಗೈಗೆ ಯಾಕೆ ಹೆದರಲಿಲ್ಲ ಎಂದು ಎಲ್ಲೋ ದೂರದಲ್ಲಿ ಯೋಚಿಸಿದಳು.

"ಮಠಕ್ಕೆ ಹೋಗಿ ನಿಂಗೆ ಹೊಸದು ಕಟ್ಟಿಸಾಣ. ಕೆರ್ಯಾಗೆ ಜಾರಿ ಬಿತ್ತು ಅಂದ್ರಾತು. ಯಾರೂ ಏನೂ ಅನ್ನಲ್ಲ ನಿಂಗೆ. ನೀನು ಇನ್ನೂ ಸಣ್ಣಾಕಿ," ಅಂದರು ಅತ್ತೆ. ಧ್ವನಿಯಲ್ಲಿ ನಿಜವಾದ ಕರುಣೆಯಿತ್ತು. ಅವಳ ತಲೆ ಸವರಿ, ಮೊಣಕಾಲಿಗೆ ಕೈಯೂರಿ ಎದ್ದರು.

ನಿರ್ಮಲಾ ಒಗ್ಗರಣೆ ಮಂಡಕ್ಕಿ ಕಲಸಿ ಎಲ್ಲರನ್ನೂ ಕೂಗಿದಳು. ಹುರಿಗಡಲೆ ಪುಡಿ, ಹಸಿಮೆಣಸಿನಕಾಯಿ, ನಿಂಬೆಹಣ್ಣಿನ ವಾಸನೆ ದಂಡೆಯ ಉದ್ದಕ್ಕೂ ಹರಡಿತ್ತು. ಚಾಪೆಯ ಮೇಲೆ ಎಲ್ಲರೂ ಕೂತರು. ನಿರ್ಮಲಾ ತಟ್ಟೆ ಚಾಚಿದಾಗ ಅತ್ತೆ ನಡುವೆ ಕೈಯಿಟ್ಟು, "ಅವ್ಳಿಗೆ ಬ್ಯಾಡ. ಇವತ್ತು ಉಪವಾಸ ಐತಂತೆ," ಅಂದರು. ಲಿಂಗವಿಲ್ಲದ ಮೈಗೆ ಅನ್ನವಿರಲಿ, ಒಂದು ಗುಟುಕು ನೀರೂ ಇಳಿಯಬಾರದು. ಆ ಮನೆಯಲ್ಲಿ ಅದನ್ನು ಹೇಳಿಕೊಡುವವರೂ ಇಲ್ಲ, ಮೀರಿದವರೂ ಇಲ್ಲ. ಹೊಸದು ಕಟ್ಟುವ ದಿನ ಬರುವವರೆಗೆ ಅವಳು ಬಾಯಿ ಕಟ್ಟಿಕೊಂಡಿರುತ್ತಾಳೆ ಎಂಬುದರಲ್ಲಿ ಅತ್ತೆಗೆ ಸಂಶಯವೇ ಇರಲಿಲ್ಲ.

"ಉಪವಾಸ ಇಲ್ಲಕ್ಕ. ಕೊಡಿ," ಅಂದಳು ತ್ರಿವೇಣಿ.

ತಟ್ಟೆ ತೊಡೆಯ ಮೇಲಿಟ್ಟುಕೊಂಡು ಒಂದು ಹಿಡಿ ಬಾಯಿಗೆ ಹಾಕಿದಳು. ಮೆಣಸಿನಕಾಯಿ ನಾಲಿಗೆಯ ತುದಿಯಿಂದ ಕಿವಿಯವರೆಗೆ ಹರಿಯಿತು. ಖಾರ ಎಂದರೆ ಇದು, ಉಪ್ಪು ಎಂದರೆ ಇದು. ಇನ್ನೊಂದು ಹಿಡಿ. ಅತ್ತೆ ಅವಳನ್ನೇ ನೋಡುತ್ತಿದ್ದರು. ಅವರ ಕೈಯ ತುತ್ತು ಎತ್ತಿದಲ್ಲೇ ನಿಂತಿತ್ತು. ಬಾಯಿ ತೆರೆದು ಏನೋ ಹೇಳಲು ಹೊರಟರು. ಹೇಳಬೇಕೆಂದರೆ ತಮ್ಮ ಸೆರಗಿನೊಳಗೆ ಇರುವುದನ್ನೂ ಹೇಳಬೇಕು.

"ತಿಂತಾ ಅವ್ಳೆ ನೋಡ್ಲೇ," ಎಂದು ಮಾವ ಮೆಲ್ಲಗೆ ಭಾವನ ಮೊಣಕೈ ತಿವಿದರು. ಅವರ ಕಣ್ಣು ತುಂಬಿತ್ತು. "ಬಂದಿದ್ದು ಒಳ್ಳೇದಾತು. ಸೊಳ್ಳೆ ಕಚ್ಚಿದ್ರೆ ಕಚ್ಲಿ."

"ಇನ್ನೊಂದೀಟು ಹಾಕ್ಲಾ ತ್ರಿವೇಣಿ?" ಅಂದಳು ನಿರ್ಮಲಾ.

ಅವಳು ತಲೆಯಾಡಿಸಿ, ನೀರಿನ ಲೋಟಕ್ಕಾಗಿ ಬಗ್ಗಿದಳು. ಬಗ್ಗುವಾಗ ಎಡಗೈ, ತೂಗಾಡದಂತೆ ಹಿಡಿದುಕೊಳ್ಳಲು, ತನ್ನಷ್ಟಕ್ಕೆ ತಾನೇ ಎದೆಗೆ ಹೋಯಿತು. ಅಲ್ಲಿ ಬರೀ ಬಟ್ಟೆ. ಬಟ್ಟೆಯ ಕೆಳಗೆ ತೂಕ ಮಾತ್ರ ಇನ್ನೂ ಹಾಗೇ ಇತ್ತು. ಕೈ ತೆಗೆಯದೆ ಲೋಟವೆತ್ತಿ, ಅತ್ತೆಯ ಕಣ್ಣೆದುರೇ, ಅವಳು ನೀರು ಕುಡಿದಳು.